ಕೆಂಪು ಔಷಧಿ ನಿಲ್ಲಿಸಿಬಿಟ್ಟೆ, ಅಪ್ಪಯ್ಯ

ಅಪ್ಪಯ್ಯಾ,

ಶಾಲೆಯಲ್ಲಿ ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸುವಾಗ ‘ತೀರ್ಥರೂಪು ತಂದೆಯವರಿಗೆ’ ಎಂದು ಶುರು ಮಾಡಿಸುತ್ತೇನೆ. ಅದರ ಕೆಳಗೆ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಸುತ್ತೇನೆ. ನಿನಗೆ ಹಾಗೆ ಬರೆದಿದ್ದರೆ ‘ಯಾರವ್ವ ಅದು ತೀರ್ಥರೂಪು?’ ಎಂದು ನಗುತ್ತಿದ್ದೆ. ಕ್ಷೇಮ ಅನ್ನುವ ಮಾತನ್ನು ಬರೆಯಲು ನನಗೆ ಈಗಲೂ ಧೈರ್ಯ ಸಾಲದು. ನೀನು ಹೋಗಿ ಎರಡು ವರ್ಷವಾಯಿತು. ನಿನಗೆ ಕೊಟ್ಟ ಮಾತೊಂದನ್ನು ನಾನು ನಡೆಸಲಿಲ್ಲ. ನಿನ್ನ ಮೊಮ್ಮಗಳು ಪದ್ಮನಿಗೆ ಆ ಕೆಂಪು ಔಷಧಿಯನ್ನು ಪೂರ್ತಿ ಹಾಕಿಸಲಿಲ್ಲ, ನಡುವೆಯೇ ನಿಲ್ಲಿಸಿಬಿಟ್ಟೆ. ಯಾಕೆಂದು ಅತ್ತೆಗೆ ಹೇಳಿದೆ, ಅಣ್ಣನಿಗೆ ಹೇಳಿದೆ, ಕೇಳಿದವರಿಗೆಲ್ಲ ಹೇಳಿದೆ. ಕೇಳಬೇಕಾದವನು ನೀನು. ನಿನಗೊಬ್ಬನಿಗೆ…

ನೆನಪಿದೆಯಾ, ತುರ್ತು ಪರಿಸ್ಥಿತಿ ಮುಗಿದ ವರ್ಷದ ದೀಪಾವಳಿ? ಆತಗೂರಿನಿಂದ ನಾವೆಲ್ಲ ನಿನ್ನ ಮನೆಗೆ ಬಂದಿದ್ದೆವು. ನೀರು ತುಂಬುವ ಹಬ್ಬದ ಮಾರನೆಯ ದಿನ ನೀನು ಜಗುಲಿಯ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಹಚ್ಚುತ್ತಾ ಹಚ್ಚುತ್ತಾ ಕೈ ನಿಂತಿತು. “ಜಯೀ, ಇಲ್ ಬಾ. ಇದೇನವ್ವ ಮಗೀಗೆ, ಕತ್ತಲ್ಲಿ ಉಣಸೆ ಬೀಜದಂಗೆ ಸಿಗ್ತಾ ಅದೆ?” ಎಂದೆ. ಶೀತದ ಗಂಟಿರಬೇಕು ಅಂದುಕೊಂಡೆವು. ಪಕ್ಕದೂರಿನವರೊಬ್ಬರು ಸೊಪ್ಪು ಅರೆದು ಕಟ್ಟಿದರು. ಹುಣಸೆ ಬೀಜ ಅಡಿಕೆಯಾಯಿತು, ಅಡಿಕೆ ನಿಂಬೆಹಣ್ಣಾಯಿತು. ಮಂಡ್ಯದ ಆಸ್ಪತ್ರೆಯಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಉತ್ತರ ಬಂದ ದಿನ ನಿನ್ನ ಅಳಿಯ ಕಾರ್ಖಾನೆಯಿಂದ ನೇರ ನಿನ್ನ ಹತ್ತಿರ ಬಂದರು, ನನ್ನ ಹತ್ತಿರ ಬರಲಿಲ್ಲ. ಹೆಂಡತಿಗೆ ‘ಕ್ಯಾನ್ಸರ್’ ಎಂಬ ಮಾತನ್ನು ಹೇಗೆ ಹೇಳುವುದೆಂದು ಅವರಿಗೆ ತಿಳಿಯಲಿಲ್ಲವಂತೆ. ನೀನೇ ಬಂದು ಹೇಳಿದೆ.

ಚಿಕ್ಕಪ್ಪ ಅವತ್ತು ನಡುಮನೆಯಲ್ಲಿ ಕೂತು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. “ಎಣ್ಣು ಮಗ ಕಣಣ್ಣ. ಬೆಂಗ್ಳೂರು ಅಂತ ಎಳ್ಕೊಂಡೋಗಿ ಯಾಕೆ ನರಳುಸ್ತೀಯ? ದೇವ್ರು ಕೊಟ್ಟಷ್ಟು ದಿನ ಇರ್ಲಿ ಬುಡು.” ನೀನು ಎಲೆಯಡಿಕೆ ಉಗಿದು ಬಂದು, “ಎಷ್ಟು ದಿನ ಕೊಟ್ಟವ್ನೆ ಅಂತ ನಿಂಗೇನಾದ್ರೂ ಬಂದು ಯೋಳವ್ನೇನ್ಲಾ? ಸುಮ್ಕೆ ಕುಂತ್ಕೊ” ಅಂದೆ. ಅಪ್ಪಯ್ಯಾ, ಅವತ್ತು ನೀನು ಹಾಗೆ ಗದರದೇ ಇದ್ದಿದ್ದರೆ ನನ್ನ ಮಗಳು ಇವತ್ತು ಇರುತ್ತಿದ್ದಳಾ?

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲ ಸಲ ಆ ಔಷಧಿ ನೋಡಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದಾಳಿಂಬೆ ರಸದ ಹಾಗೆ ಕೆಂಪು. ಬೊಂಬಾಯಿಯಿಂದ ತರಿಸಿದ್ದು, ಹೊಸದು, ಗಂಟನ್ನು ಕರಗಿಸುವುದರಲ್ಲಿ ಇದಕ್ಕಿಂತ ಒಳ್ಳೆಯದು ಸದ್ಯಕ್ಕಿಲ್ಲ, ಇದರ ಜೊತೆ ಬೇರೆ ಔಷಧಿಗಳನ್ನೂ ಕೊಡುತ್ತೇವೆ ಎಂದು ದೊಡ್ಡ ಡಾಕ್ಟರು ಹೇಳಿದರು. ಅದಕ್ಕೂ ಮೊದಲು ಹೃದಯದ ವಿಭಾಗದ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಗಂಟು ಇರುವುದು ಕತ್ತಿನಲ್ಲಿ, ಹೃದಯಕ್ಕೇನು ನೋಡುತ್ತಾರೆ ಎಂದು ನೀನು ಗೊಣಗಿದೆ. ಅವರು ಪದ್ಮನ ಎದೆಗೆ, ಕೈಕಾಲಿಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಎದೆಯ ಎಕ್ಸ್‌ರೇ ತೆಗೆಸಿದರು. ಆಮೇಲೆ ನಮ್ಮನ್ನು ಕೂರಿಸಿಕೊಂಡು, “ಈ ಔಷಧಿ ದೇಹದಲ್ಲಿ ಸೇರ್ತಾ ಸೇರ್ತಾ ಕೆಲವು ಮಕ್ಕಳಿಗೆ ಹೃದಯದ ಸ್ನಾಯು ಸೋಲುತ್ತೆ. ಕಾಲು ಊದಿ, ಮಲಗೋಕಾಗದೆ ಎದ್ದು ಕೂತ್ಕೊಳ್ಳೋ ಹೊತ್ತಿಗೆ ನಮಗೆ ಗೊತ್ತಾದ್ರೆ ತಡವಾಗಿರುತ್ತೆ. ಅದಕ್ಕೆ ಮುಂಚೆಯೇ ಹಿಡೀಬೇಕು. ಪ್ರತಿ ಸಲ ಸೂಜಿಗೆ ಬಂದಾಗ ಇಸಿಜಿ ತೆಗೆದು ಇವತ್ತಿನದರ ಜೊತೆ ಇಟ್ಟು ನೋಡ್ತೀನಿ. ಆದ್ರೆ ನಮ್ಮ ಯಂತ್ರಕ್ಕೆ ಎಲ್ಲಾ ಕಾಣಲ್ಲ. ಮನೇಲಿ ನೀವು ನೋಡ್ಕೋಬೇಕು” ಎಂದರು. ಬೆಳಿಗ್ಗೆ ಅವಳು ಏಳುವ ಮೊದಲೇ ನಾಡಿ ನೋಡುವುದನ್ನು ನನಗೆ ಹೇಳಿಕೊಟ್ಟರು. ಎದ್ದ ಮೇಲೆ, ಆಡಿದ ಮೇಲೆ ನಾಡಿ ಓಡುವುದು ಸಹಜ, ನಿದ್ದೆಯಲ್ಲೂ ಓಡುತ್ತಿದ್ದರೆ ತಕ್ಷಣ ಬನ್ನಿ ಎಂದರು.

ವಾಪಸು ಬರುವಾಗ ರೈಲಿನಲ್ಲಿ ಪದ್ಮ ನಿನ್ನ ತೊಡೆಯ ಮೇಲೆ ಮಲಗಿದ್ದಳು. ರಾಮನಗರ ದಾಟಿದ ಮೇಲೆ ನೀನು ಮೆಲ್ಲಗೆ, “ನಂಗೊಂದು ಮಾತು ಕೊಡವ್ವ ಜಯಿ. ಯಾರು ಏನಾರ ಅನ್ಲಿ, ಒಂದೇ ಒಂದು ಸೂಜಿನೂ ತಪ್ಪುಸ್ಬ್ಯಾಡ. ಆ ಮಾರಿ ತಿರ್ಗಾ ಬರ್ಕೂಡ್ದು” ಅಂದೆ.

“ಗುಂಡಿಗೆ ಅಂದ್ರಲ್ಲಪ್ಪಯ್ಯ ಡಾಕ್ಟ್ರಮ್ಮ…”

“ಗುಂಡ್ಗೆ ಗಟ್ಟಿಯಾಗದೆ ಕಣವ್ವ. ನನ್ ವಂಸದ್ದು.”

ನಾನು ಕೈ ಮೇಲೆ ಕೈ ಇಟ್ಟೆ. ಪದ್ಮ ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆವು ನಾವಿಬ್ಬರೂ.

ಎರಡನೆಯ ಸಲದ ಹೊತ್ತಿಗೆ ತಲೆಗೂದಲು ಹಿಡಿಹಿಡಿಯಾಗಿ ಕಿತ್ತು ಬಂತು. ಅತ್ತೆ ಊರವರ ಬಾಯಿಗೆ ಹೆದರಿ, “ಮುತ್ತತ್ತಿ ಆಂಜನೇಯಂಗೆ ಮುಡಿ ಕೊಟ್ಟವ್ಳೆ ಕಣಮ್ಮ, ಅರಕೆ ಇತ್ತು” ಎಂದು ಬಾಗಿಲಿಗೆ ಬಂದವರಿಗೆಲ್ಲ ಹೇಳಿದರು. ಔಷಧಿ ಹಾಕಿಸಿದ ದಿನ ಉಚ್ಚೆ ಕೆಂಪಗೆ ಹೋಗುತ್ತಿತ್ತು. ರಕ್ತವೆಂದು ಪದ್ಮ ಕಿರುಚಿಕೊಂಡಳು. ನಾನು ಸಮಾಧಾನ ಹೇಳಿದೆ, ಕೇಳಲಿಲ್ಲ. ನೀನು “ಹೋಳಿ ಆಡ್ತಾ ಅವ್ಳೆ ನನ್ ಮಗ” ಅಂದೆ, ಅದಕ್ಕೆ ನಕ್ಕಳು. ವಾಂತಿ, ಬಾಯಿಹುಣ್ಣು, ಜ್ವರ ಎಲ್ಲ ಇತ್ತು. ಆದರೆ ಗಂಟು ಕರಗಿತು. ಒಂದು ದಿನ ನೀನು ಅವಳ ಕತ್ತನ್ನೆಲ್ಲ ತಡಕಿ, ಏನೂ ಸಿಗದೆ, ಮತ್ತೆ ತಡಕಿ, ಎದ್ದು ಹಿತ್ತಲಿಗೆ ಹೋದೆ. ಅಳುವುದಕ್ಕೆ ಹೋದೆ ಎಂದು ನನಗೆ ಗೊತ್ತಿತ್ತು. ಒಂದು ಸೂಜಿಗೂ ಇನ್ನೊಂದಕ್ಕೂ ನಡುವಿನ ವಾರಗಳಲ್ಲಿ ಅವಳು ಆಗಾಗ ನಾಲ್ಕು ದಿನ ನಿನ್ನ ಹತ್ತಿರ ಇರುತ್ತಿದ್ದಳು. ಬೆಳಗಿನ ಹೊತ್ತು ತಾತ ಮೊಮ್ಮಗಳು ಇಬ್ಬರೂ ನಾಲೆ ಏರಿಯ ಮೇಲೆ ನಡೆದು ಬರುತ್ತಿದ್ದಿರಿ. ಅವಳ ಬೋಳುತಲೆಗೆ ನಿನ್ನ ಟವೆಲು.

ಅಣ್ಣ ಸೈಕಲ್ ತುಳಿದುಕೊಂಡು ಶಾಲೆಯ ಹತ್ತಿರ ಬಂದಾಗ ನಾನು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ನೀನು ಮಳವಳ್ಳಿಯ ಸಂತೆಯಲ್ಲಿ ಎತ್ತಿನ ಜೋಡಿಯೊಂದರ ಹಲ್ಲು ನೋಡುತ್ತಾ ನಿಂತಿದ್ದವನು ಹಾಗೆಯೇ ಕುಸಿದೆಯಂತೆ. ಆಸ್ಪತ್ರೆಗೆ ಹೊತ್ತುಕೊಂಡು ಹೋಗುವುದರೊಳಗೆ ಎಲ್ಲ ಮುಗಿದಿತ್ತು. ಹೃದಯ ನಿಂತಿದೆ ಎಂದರು ಅಲ್ಲಿನ ಡಾಕ್ಟರು, ಮೊದಲೇನಾದರೂ ಎದೆನೋವು ಇತ್ತಾ ಎಂದು ಕೇಳಿದರು. ಇಲ್ಲ, ಕಲ್ಲಿನ ಹಾಗಿದ್ದರು ಎಂದ ಅಣ್ಣ. ನಾವೆಲ್ಲ ಹಾಗೆಯೇ ನಂಬಿದ್ದೆವಲ್ಲ.

ನಿನ್ನ ತಿಥಿ ಕಳೆದ ಮೇಲೆ ನನಗೊಂದು ಹೆದರಿಕೆ ಹಿಡಿಯಿತು. ಅದನ್ನು ಹೇಗೆ ಹೇಳಲಿ? ಬೆಳಿಗ್ಗೆ ಎದ್ದ ಕೂಡಲೇ ಪದ್ಮನ ಮಣಿಕಟ್ಟು ಹಿಡಿಯುತ್ತಿದ್ದೆ. ಮೊದಲು ಡಾಕ್ಟರಮ್ಮ ಹೇಳಿದ್ದಾರೆಂದು ಹಿಡಿಯುತ್ತಿದ್ದೆ, ಈಗ ಬಿಡಲಾರದೆ ಹಿಡಿಯುತ್ತಿದ್ದೆ. ನಾಡಿ ಸ್ವಲ್ಪ ಜೋರಾಗಿದೆ ಅನ್ನಿಸುತ್ತಿತ್ತು. ಜೋರಾಗಿರುವುದು ಅವಳದೋ, ನನ್ನ ಬೆರಳಿನದೋ? ನನ್ನದೇ ಎದೆ ಹೊಡೆದುಕೊಳ್ಳುತ್ತಿದ್ದರೆ ಅವಳದನ್ನು ಎಣಿಸುವುದು ಹೇಗೆ? ನಿನ್ನ ಅಳಿಯ, “ಮಾವ ಓದ ಮ್ಯಾಲೆ ನಿಂಗೆ ಎಲ್ಲ್ ನೋಡುದ್ರೂ ಗುಂಡ್ಗೇನೇ ಕಾಣ್ತದೆ” ಎಂದರು. ಇರಬಹುದು ಅಂದುಕೊಂಡೆ. ಆ ಸಲದ ಸೂಜಿಗೆ ಹೋದಾಗ ಡಾಕ್ಟರಮ್ಮ ಇಸಿಜಿ ನೋಡಿ ಹುಬ್ಬು ಗಂಟಿಕ್ಕಿದರು, ಸಣ್ಣ ವ್ಯತ್ಯಾಸ ಇದೆ, ರಕ್ತ ಕಡಿಮೆಯಾಗಿರುವುದರಿಂದಲೂ ಹೀಗಾಗಬಹುದು, ಮುಂದಿನ ಸಲ ಸೂಜಿ ಹಾಕುವ ಮುಂಚೆ ಮೊದಲು ನನ್ನ ಹತ್ತಿರ ಕರೆತನ್ನಿ ಎಂದರು. ‘ಸಣ್ಣ ವ್ಯತ್ಯಾಸ’ ಎಂಬ ಮಾತನ್ನು ತಂದು ಮನೆಯಲ್ಲಿಟ್ಟುಕೊಂಡು ನಾನು ಹೇಗೆ ಅನ್ನ ಬೇಯಿಸಲಿ?

ಆ ದಿನಗಳಲ್ಲಿ ಪದ್ಮನ ಒಂದು ನಡತೆ ಕಣ್ಣಿಗೆ ಬಿತ್ತು. ಗುಡಿಯ ಕಡೆಗೆ ಹೋಗುವ ಏರಿನಲ್ಲಿ ಅರ್ಧಕ್ಕೆ ನಿಂತು ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳುತ್ತಿದ್ದಳು. ಪಟ್ಟಿ ಸರಿಯಾಗೇ ಇರುತ್ತಿತ್ತು. ಬಾವಿಯಿಂದ ಸಣ್ಣ ಬಿಂದಿಗೆ ತರುವಾಗ ಕಲ್ಲಿನ ಮೇಲೆ ಇಳಿಸಿ ಪಕ್ಕದ ಮನೆಯ ಕರುವನ್ನು ಮಾತಾಡಿಸುತ್ತಿದ್ದಳು. ಗೆಳತಿಯರು ಕುಂಟೆಬಿಲ್ಲೆಗೆ ಕರೆದರೆ, ‘ನಂಗೆ ಬೇಜಾರು, ನೀವಾಡಿ’ ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಹೇಳುತ್ತಿದ್ದಳು. ಕುಂಟೆಬಿಲ್ಲೆ ಅಂದರೆ ಊಟ ಬಿಡುತ್ತಿದ್ದ ಹುಡುಗಿ! ಒಂದೊಂದನ್ನೇ ನೋಡಿದರೆ ಏನೂ ಅಲ್ಲ. ಎಲ್ಲ ಸೇರಿಸಿದರೆ…

ಒಂದು ಮಧ್ಯಾಹ್ನ ಅವಳು ಅದೇ ಏರಿನಲ್ಲಿ ಚಪ್ಪಲಿಗೆ ಬಗ್ಗಿದಾಗ ನಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಕತ್ತಿನ ನರ ಹಕ್ಕಿಯ ಹಾಗೆ ಬಡಿದುಕೊಳ್ಳುತ್ತಿತ್ತು.

“ಪದ್ದೂ, ಏದುಸಿರು ಬರ್ತದಾ ಮಗ?”

“ಇಲ್ಲ ಕಣವ್ವ.”

“ನನ್ನ ಮುಖ ನೋಡಿ ಹೇಳು.”

ಅವಳು ನೋಡಲಿಲ್ಲ. ಚಪ್ಪಲಿಯ ಪಟ್ಟಿಯನ್ನು ಬಿಚ್ಚಿ ಮತ್ತೆ ಹಾಕಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು: “ಯೋಳುದ್ರೆ ಡಾಕ್ಟ್ರಮ್ಮ ಸೂಜಿ ನಿಲ್ಲುಸ್ಬುಡ್ತಾರೆ. ಸೂಜಿ ನಿಂತ್ರೆ ಗಂಟು ಬತ್ತದೆ. ತಾತ ನಿನ್ ತಾವ ಮಾತ್ ಈಸ್ಕೊಂಡಿಲ್ವಾ ರೈಲಲ್ಲಿ? ನಾನು ಕೇಳುಸ್ಕೊಂಡೆ.”

ಹೀಗೆ ನೆಪ ಮಾಡಿಕೊಂಡು ನಿಲ್ಲುವುದನ್ನು ಎಲ್ಲಿ ಕಲಿತೆ ಎಂದು ಕೇಳಿದೆ.

“ತಾತನ್ನ ನೋಡಿ. ನಾಲೆ ಏರಿ ಮೇಲೆ ಓಗ್ತಾ ಓಗ್ತಾ ತಾತಂಗೂ ಏದುಸ್ರು ಬತ್ತಿತ್ತು. ಆಗ ನಿಂತ್ಕಂಡು ‘ಪೈರು ಎಂಗದೆ ನೋಡು ಮಗ’ ಅನ್ನದು. ಎದೆ ಉಜ್ಜಕಳದು. ‘ನಿಮ್ಮವ್ವಂಗೆ ಯೋಳ್ಬ್ಯಾಡ, ಅವಳ್ಗೆ ನಿಂದೇ ಸಾಕಾಗದೆ’ ಅಂತಿತ್ತು.”

ಅಪ್ಪಯ್ಯಾ, ಆ ಏರಿನಲ್ಲಿ ಮಗಳ ಪಕ್ಕ ಕೂತು ನಾನು ನಿನ್ನ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡೆ ಗೊತ್ತಾ? ಬೆಂಗಳೂರಿಗೆ ಪ್ರತಿ ಸಲ ನಮ್ಮ ಜೊತೆ ಬಂದೆ. ಹೃದಯ ನೋಡುವ ಡಾಕ್ಟರಮ್ಮನ ಬಾಗಿಲಲ್ಲೇ, ಬೆಂಚಿನ ಮೇಲೆ, ಎದೆ ಉಜ್ಜಿಕೊಳ್ಳುತ್ತಾ ಕೂತಿದ್ದೆಯಾ? ಒಳಗೆ ಬಂದು ಒಂದು ಮಾತು ಹೇಳುವುದಕ್ಕೆ ಏನಾಗಿತ್ತು ನಿನಗೆ? ಅವಳ ಎದೆಯಲ್ಲಿ ಕಾಣದೇ ಇರುವುದನ್ನೂ ಹುಡುಕುತ್ತಿದ್ದರು, ನಿನ್ನ ಎದೆಯಲ್ಲಿ ಇದ್ದದ್ದು ಒಬ್ಬರಿಗೂ… ಹೋಗಲಿ. ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ. ನನಗೆ ಭಾರವಾಗಬಾರದೆಂದು ನೀನು ಮುಚ್ಚಿಟ್ಟೆ, ನಿನ್ನ ಮಾತು ಉಳಿಯಲೆಂದು ಅವಳು ಮುಚ್ಚಿಟ್ಟಳು. ನಾನು ಯಾರನ್ನು ಬಯ್ಯಲಿ?

ಸೂಜಿಯ ದಿನದವರೆಗೆ ಕಾಯದೆ ಮಾರನೆಯ ಬೆಳಿಗ್ಗೆಯೇ ರೈಲು ಹತ್ತಿದೆವು. ನಿನ್ನ ಅಳಿಯನೂ ಬಂದರು. ಡಾಕ್ಟರಮ್ಮ ಪದ್ಮನನ್ನು ಮಲಗಿಸಿ, ಅವಳ ಉಸಿರು ಹದಕ್ಕೆ ಬರುವವರೆಗೂ ಕಥೆ ಕೇಳುತ್ತಾ ಕೂತಿದ್ದು ಆಮೇಲೆ ಇಸಿಜಿ ತೆಗೆದರು. ಮೊದಲನೆಯ ದಿನದ ಕಾಗದ, ಅವತ್ತಿನ ಕಾಗದ ಎರಡನ್ನೂ ಮೇಜಿನ ಮೇಲೆ ಒಂದರ ಕೆಳಗೊಂದು ಹಾಸಿದರು. “ನೋಡಿ ಟೀಚರ್, ಈ ಗೆರೆ ಎಷ್ಟು ಎತ್ತರಕ್ಕೆ ಏಳ್ತಿತ್ತು, ಈಗ ಎಷ್ಟು ಕುಗ್ಗಿದೆ. ರಕ್ತ ಪರೀಕ್ಷೆ ಚೆನ್ನಾಗೇ ಇದೆ, ಆದ್ದರಿಂದ ರಕ್ತ ಕಡಿಮೆ ಅನ್ನೋ ಹಾಗಿಲ್ಲ. ಎಕ್ಸ್‌ರೇಯಲ್ಲಿ ಹೃದಯ ಒಂದು ಚೂರು ದಪ್ಪ ಕಾಣ್ತಿದೆ. ಕಾಲು ಊದಿಲ್ಲ, ಎದೇಲಿ ನೀರಿಲ್ಲ. ಈಗಲೇ ಸಿಕ್ಕಿದೆ ನಮಗೆ” ಎಂದರು. ನಾನು ಓದು ಬಲ್ಲವಳು, ಆದರೂ ಆ ಗೆರೆಗಳ ಭಾಷೆ ನನಗೆ ಬಾರದು. ಎತ್ತರದ ಗೋಪುರಗಳು ಗಿಡ್ಡವಾಗಿದ್ದು ಮಾತ್ರ ಕಂಡಿತು.

ದೊಡ್ಡ ಡಾಕ್ಟರು ಬಂದರು. ಅವರಿಬ್ಬರೂ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು, ಮೆಲ್ಲಗೆ ಶುರುವಾದ ಮಾತು ಬರಬರುತ್ತಾ ಜೋರಾಯಿತು. ಕೊನೆಗೆ ದೊಡ್ಡ ಡಾಕ್ಟರು ನಮ್ಮ ಕಡೆ ತಿರುಗಿ, “ಇನ್ನು ಎರಡೇ ಸಲ ಉಳಿದಿರೋದು. ಪೂರ್ತಿ ಮಾಡಿದರೆ ಗಂಟಿನ ಕಡೆಯಿಂದ ನನಗೆ ಧೈರ್ಯ. ನಿಲ್ಲಿಸಿದರೆ ಮತ್ತೆ ಬರಲ್ಲ ಅಂತ ನಾನು ಹೇಳಲಾರೆ” ಎಂದರು. ಡಾಕ್ಟರಮ್ಮ, “ಪೂರ್ತಿ ಮಾಡಿದರೆ ಹೃದಯ ತಡೆಯುತ್ತೆ ಅಂತ ನಾನು ಹೇಳಲಾರೆ” ಎಂದರು. ಯೋಚಿಸಿ ಹೇಳಿ ಎಂದು ನಮ್ಮನ್ನು ವರಾಂಡದಲ್ಲಿ ಬಿಟ್ಟರು.

ನಿನ್ನ ಅಳಿಯ ಕಿಟಕಿಯ ಸರಳು ಹಿಡಿದುಕೊಂಡು ನಿಂತರು. “ಮಾವ ಒಂದು ಸೂಜಿನೂ ತಪ್ಪುಸ್ಬ್ಯಾಡಿ ಅಂದಿದ್ರು. ಎರಡೇ ಅಂತಾವ್ರಲ್ಲ ಜಯಿ. ತಡ್ಕಂಡ್ಬುಟ್ರೆ? ನಿಲ್ಸಿ, ನಾಳೆ ಗಂಟು ಬಂದ್ರೆ ನಾವು ಎಂಗೆ ಬದ್ಕದು?”

“ತಡ್ಕೊಳ್ಳದೇ ಹೋದ್ರೆ?” ಎಂದೆ.

ನಾನು ನಿನ್ನನ್ನು ಕೇಳಿದೆ, ಅಪ್ಪಯ್ಯ. ಆ ವರಾಂಡದಲ್ಲಿ, ಫಿನಾಯಿಲ್ ವಾಸನೆಯ ನಡುವೆ, ಮನಸ್ಸಿನೊಳಗೇ ಕೇಳಿದೆ. ನೀನು ಬೇಕೆಂದದ್ದು ಸೂಜಿಯನ್ನಾ, ಮೊಮ್ಮಗಳನ್ನಾ? ಗಂಟು ಮತ್ತೆ ಬಂದರೆ ಅದಕ್ಕೆ ಬೇರೆ ಔಷಧಿ ಹುಡುಕಬಹುದು. ಸೋತ ಹೃದಯಕ್ಕೆ ಯಾವ ಊರಿನಿಂದ ಏನು ತರಿಸಲಿ? ನೀನಿದ್ದಿದ್ದರೆ ಬಯ್ಯುತ್ತಿದ್ದೆಯೇನೋ. ಅಥವಾ ನಿನ್ನ ಎದೆಯ ವಿಷಯ ನನಗಿಂತ ಚೆನ್ನಾಗಿ ಬಲ್ಲವನು, ನನಗಿಂತ ಮೊದಲೇ ‘ನಿಲ್ಸಿ’ ಅನ್ನುತ್ತಿದ್ದೆಯಾ? ಗೊತ್ತಿಲ್ಲ. ನಾನು ಒಳಗೆ ಹೋಗಿ, “ಕೆಂಪು ಔಷಧಿ ಸಾಕು ಸಾರ್. ಮಿಕ್ಕ ಔಷಧಿ ನಡೀಲಿ” ಎಂದೆ. ದೊಡ್ಡ ಡಾಕ್ಟರು ತಲೆಯಾಡಿಸಿದರು, ಬೇಸರ ಮಾಡಿಕೊಳ್ಳಲಿಲ್ಲ. ಹೊರಗೆ ಬಂದರೆ ಪದ್ಮ ನನ್ನನ್ನು ನೋಡಿ ಅಳಲು ಶುರು ಮಾಡಿದಳು. ತಾನು ಬಾಯಿ ಬಿಟ್ಟದ್ದರಿಂದಲೇ ಹೀಗಾಯಿತೆಂದು ಅವಳ ಲೆಕ್ಕ. ಡಾಕ್ಟರಮ್ಮ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತು, “ನೀನು ಹೇಳಿದ್ದಕ್ಕೆ ನನಗೆ ಕೆಲಸ ಸುಲಭ ಆಯ್ತು. ಇನ್ಮೇಲೆ ಸುಸ್ತಾದ್ರೆ ಕೂಗಿ ಹೇಳ್ಬೇಕು, ಇಡೀ ಬೀದಿಗೆ ಕೇಳೋ ಹಾಗೆ” ಎಂದರು.

ಆಮೇಲಿನ ತಿಂಗಳುಗಳೆಲ್ಲ ಹೀಗೇ ಕಳೆದವು. ಬೆಳಿಗ್ಗೆ ಒಂದು ಕೈ ಅವಳ ಮಣಿಕಟ್ಟಿನ ಮೇಲೆ, ಇನ್ನೊಂದು ಕೈ ಕತ್ತಿನ ಕೆಳಗೆ. ಒಂದು ಕಡೆ ಹೃದಯ, ಒಂದು ಕಡೆ ಗಂಟು. ಹೃದಯಕ್ಕೆ ಸಣ್ಣ ಮಾತ್ರೆ ಕೊಟ್ಟರು. ಉಪ್ಪು ಕಡಿಮೆ ಅಂದರು. ಅತ್ತೆ ಉಪ್ಪಿನಕಾಯಿ ಜಾಡಿಯನ್ನೇ ಅಟ್ಟಕ್ಕೆ ಏರಿಸಿದರು, ಮೊಮ್ಮಗಳ ಎದುರು ನಮಗೂ ಬೇಡವೆಂದು. ನೆಗಡಿ ಬಂದು ಕತ್ತಿನಲ್ಲಿ ಒಂದು ಸಾಸಿವೆಕಾಳು ಸಿಕ್ಕಿದರೂ ನಾನು ಶಾಲೆಗೆ ರಜೆ ಹಾಕುತ್ತಿದ್ದೆ. ಸರಿ ಮಾಡಿದೆನಾ, ಕೊಂದೆನಾ ಎಂಬ ಪ್ರಶ್ನೆ ಪಾತ್ರೆ ತೊಳೆಯುವಾಗಲೂ ಬಿಡಲಿಲ್ಲ, ಕರಿಹಲಗೆಯ ಮೇಲೆ ಬರೆಯುವಾಗಲೂ ಬಿಡಲಿಲ್ಲ.

ಹೋದ ತಿಂಗಳು ಬೆಂಗಳೂರಿಗೆ ಹೋಗಿದ್ದೆವು. ಡಾಕ್ಟರಮ್ಮ ಕಾಗದಗಳನ್ನು ಮತ್ತೆ ಮೇಜಿನ ಮೇಲೆ ಹಾಸಿದರು. ಗೆರೆಗಳು ಎದ್ದಿವೆ, ಅಪ್ಪಯ್ಯ. ಮೊದಲಿನಷ್ಟು ಅಲ್ಲ, ಆದರೆ ಎದ್ದಿವೆ. ಎಕ್ಸ್‌ರೇಯಲ್ಲಿ ಹೃದಯ ತನ್ನ ಅಳತೆಗೆ ಬಂದಿದೆ. ಕತ್ತಿನಲ್ಲಿ ಏನೂ ಇಲ್ಲ. ವಾಸಿಯಾಯಿತಾ ಎಂದು ಕೇಳಿದೆ. ಅವರು ಸುಳ್ಳು ಹೇಳುವವರಲ್ಲ. “ಈ ಔಷಧಿ ನಮಗೂ ಹೊಸದು. ಇವಳು ದೊಡ್ಡವಳಾದ ಮೇಲೂ ವರ್ಷಕ್ಕೊಂದು ಸಲ ನೋಡ್ತಾ ಇರ್ಬೇಕು. ಮದುವೆಯಾಗಿ ಬಸುರಾದಾಗಂತೂ ಖಂಡಿತ ನೋಡ್ಬೇಕು” ಎಂದರು. ಬೇರೆ ತಾಯಂದಿರಿಗೆ ಆ ಮಾತು ಹೆದರಿಕೆ ಹುಟ್ಟಿಸುತ್ತಿತ್ತೇನೋ. ನನಗೂ ಹುಟ್ಟಿಸಿತು. ಆದರೆ ಮದುವೆ, ಬಸುರು ಎಂಬ ಮಾತುಗಳನ್ನು ಒಬ್ಬ ಡಾಕ್ಟರು ನನ್ನ ಪದ್ಮನ ಬಗ್ಗೆ ಆಡಿದರು ಎಂಬುದನ್ನು ರೈಲಿನಲ್ಲಿ ಬರುವಾಗ ಮತ್ತೆ ಮತ್ತೆ ನೆನೆದುಕೊಂಡೆ.

ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ಪದ್ಮ ಏಳನೇ ಕ್ಲಾಸು ಪಾಸಾದಳು. ಮದ್ದೂರಿನ ಹೈಸ್ಕೂಲಿಗೆ ಸೇರಿದ್ದಾಳೆ. ನಾನು ಜೊತೆಗೆ ಬರುತ್ತೇನೆ ಎಂದರೆ, “ಬ್ಯಾಡ ಕಣವ್ವ, ಎಲ್ರೂ ನಗ್ತಾರೆ” ಎಂದಳು. ಆದರೂ ಮೊದಲನೆಯ ದಿನ ಬಸ್‌ಸ್ಟಾಪಿನವರೆಗೆ ಹೋಗಿ, ಅವಳಿಗೆ ಕಾಣದ ಹಾಗೆ ಹೊಂಗೆ ಮರದ ಮರೆಯಲ್ಲಿ ನಿಂತೆ. ನೀಲಿ ಲಂಗ, ಬಿಳಿ ರವಿಕೆ, ಭುಜದವರೆಗೆ ಬಂದ ಕೂದಲಿಗೆ ಎರಡು ಗಿಡ್ಡ ಜಡೆ. ಬಸ್ಸು ನಿಲ್ಲಬೇಕಾದ ಕಡೆ ನಿಲ್ಲದೆ ಮುಂದೆ ಹೋಗಿ ನಿಂತಿತು. ಹುಡುಗಿಯರೆಲ್ಲ ಚೀಲ ಹಿಡಿದು ಓಡಿದರು. ಇವಳೂ ಓಡಿದಳು. ‘ಪದ್ಮಾ’ ಎಂಬ ಕೂಗು ನನ್ನ ಗಂಟಲವರೆಗೆ ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಕಂಡಕ್ಟರು ಕೈ ಕೊಟ್ಟು ಮೇಲೆಳೆದುಕೊಂಡ. ಕಿಟಕಿಯ ಪಕ್ಕದ ಸೀಟಿಗಾಗಿ ಇನ್ನೊಬ್ಬಳ ಜೊತೆ ಜಗಳ ಮಾಡುತ್ತಿದ್ದುದು ಹೊರಗಿನಿಂದಲೇ ಕಂಡಿತು. ಗೆದ್ದಳು ಅಂತ ಕಾಣುತ್ತದೆ. ಬಸ್ಸು ಹೊರಟಿತು. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ, ಅಪ್ಪಯ್ಯ.

ನಿನ್ನ ಜಯಿ